ತೀನ್ ದರ್ವಾಜಾ: ಹೆಬ್ಬಾಗಿಲ ಮೇಲೊಂದು ಹೆಣ್ಣುಮಕ್ಕಳ ಶಾಸನ

ಗುಜರಾತಿನ ಸುಲ್ತಾನ ಒಂದನೆಯ ಅಹಮದ್ ಷಾ 1411ರಲ್ಲಿ ಸಾಬರಮತಿ ನದಿಯ ಪೂರ್ವ ದಂಡೆಯಲ್ಲಿ ಅಹಮದಾಬಾದ್ ನಗರವನ್ನು ಸ್ಥಾಪಿಸಿದನು. ಭದ್ರ ಕೋಟೆ, ಅದರ ಮುಂದೆ ವಿಶಾಲವಾದ ರಾಜಾಂಗಣ, ಅಂಗಣದ ಪೂರ್ವದ ಅಂಚಿಗೆ ಮೂರು ಕಮಾನುಗಳ ಹೆಬ್ಬಾಗಿಲು: ಇದು ಆ ರಾಜಧಾನಿಯ ಆದಿವಿನ್ಯಾಸ. ಆ ಹೆಬ್ಬಾಗಿಲೇ ತೀನ್ ದರ್ವಾಜಾ. ನಡುವಣ ದಾರಿ 17 ಅಡಿ, ಇಕ್ಕೆಲಗಳ ದಾರಿಗಳು ತಲಾ 13 ಅಡಿ ಅಗಲ. ಕಮಾನುಗಳ ಎತ್ತರ 25 ಅಡಿ. ಅರಸನ ಸವಾರಿ ಕೋಟೆಯಿಂದ ಹೊರಟು ಜಾಮಾ ಮಸೀದಿಯತ್ತ ಸಾಗುವ ರಾಜಬೀದಿ ಇದರ ಮೂಲಕವೇ ಹಾಯುತ್ತಿತ್ತು.

ಈ ಬಾಗಿಲನ್ನು ಕುರಿತು ಜನರಲ್ಲಿ ಒಂದು ಐತಿಹ್ಯವಿದೆ. ನಗರವನ್ನು ತೊರೆದು ಹೊರಟ ಲಕ್ಷ್ಮಿಯನ್ನು ಸಿದ್ದೀಕ್ ಎಂಬ ಕೊತ್ವಾಲನು ಇಲ್ಲಿ ತಡೆದು, ಸುಲ್ತಾನನ ಅಪ್ಪಣೆ ತರುವವರೆಗೆ ನಿಲ್ಲುವಂತೆ ಬೇಡಿದನಂತೆ. ತಾನು ಮರಳದಿದ್ದರೆ ದೇವಿಯೂ ಕದಲಳೆಂದು ಬಗೆದು ತನ್ನ ತಲೆಯನ್ನೇ ಒಪ್ಪಿಸಿದನಂತೆ. ಬಾಗಿಲ ಗೂಡಿನಲ್ಲಿ ಉರಿಯುವ ದೀಪ ಆ ಲಕ್ಷ್ಮಿಗೆ ಮೀಸಲು. ಅದನ್ನು ಕಾಯುತ್ತ ಬಂದಿರುವುದು ಒಂದು ಮುಸ್ಲಿಂ ಮನೆತನ.

ಐತಿಹ್ಯದ ಲಕ್ಷ್ಮಿಗೆ ದೀಪವಾದರೆ, ಮನೆಯ ಲಕ್ಷ್ಮಿಯರಿಗೆ ಇದೇ ಬಾಗಿಲಲ್ಲಿ ಒಂದು ಶಾಸನವಿದೆ. ಮೊಘಲರ ತರುವಾಯ ನಗರವು ಮರಾಠರ ಆಳ್ವಿಕೆಗೆ ಒಳಪಟ್ಟಿತ್ತು. 1812ರಲ್ಲಿ ಮರಾಠ ಅಧಿಕಾರಿ ಚಿಮ್ನಾಜಿ ರಘುನಾಥನು ದೇವನಾಗರಿ ಲಿಪಿಯಲ್ಲಿ ಆಜ್ಞೆಯೊಂದನ್ನು ಇಲ್ಲಿ ಕೆತ್ತಿಸಿದನು. ತಂದೆಯ ಆಸ್ತಿಯಲ್ಲಿ ಮಗಳ ಪಾಲನ್ನು ತಡೆಯಿಲ್ಲದೆ ಸಲ್ಲಿಸಬೇಕು. ತಪ್ಪಿದ ಹಿಂದೂ ಮಹಾದೇವನಿಗೂ ಮುಸಲ್ಮಾನನು ಅಲ್ಲಾಹನಿಗೂ ಉತ್ತರ ಹೇಳಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ.

ಇದರ ಮಹತ್ವ ತಿಳಿಯಲು ಅಂದಿನ ಧರ್ಮಶಾಸ್ತ್ರವನ್ನು ನೆನೆಯಬೇಕು. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮಗಳಿಗೆ ಅದಿಲ್ಲ. ಇಸ್ಲಾಮೀ ನಿಯಮದಲ್ಲಿ ಮಗಳಿಗೆ ನಿಶ್ಚಿತವಾದ ಪಾಲುಂಟಾದರೂ ಆಚರಣೆಯಲ್ಲಿ ಅದು ತಪ್ಪುವುದುಂಟು. ಶಾಸನವು ಈ ಎರಡೂ ಸಮುದಾಯಗಳನ್ನು ಒಂದೇ ಉಸಿರಿನಲ್ಲಿ ಎಚ್ಚರಿಸುತ್ತದೆ. ದಾನಶಾಸನಗಳ ಕೊನೆಯ ಶಾಪಾಶಯದಂತೆ ಇಲ್ಲಿಯೂ ದೈವಭಯವೇ ಕಾವಲು.

ಆದರೆ ಕಲ್ಲಿನ ಮಾತು ಕಾಯಿದೆಯಾಗಲು ಬಹುಕಾಲ ಹಿಡಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮಸಿದ್ಧ ಹಕ್ಕನ್ನು ಕೊಡಲಿಲ್ಲ. ಕರ್ನಾಟಕವು 1994ರಲ್ಲಿ ಅವಿವಾಹಿತ ಪುತ್ರಿಯರಿಗೆ ಅದನ್ನು ನೀಡಿತು. ದೇಶಕ್ಕೆಲ್ಲ ಅನ್ವಯಿಸುವಂತೆ ಪುತ್ರಿಯರೆಲ್ಲರಿಗೆ ಅದು ದೊರೆತದ್ದು 2005ರ ತಿದ್ದುಪಡಿಯಿಂದ.

ರಾಜಾಂಗಣವಿದ್ದೆಡೆ ಈಗ ಸಂತೆಯ ಗದ್ದಲ. ಅರಸನ ಸವಾರಿಗೆಂದು ಎದ್ದ ಕಮಾನುಗಳಡಿ ಬಟ್ಟೆಬರೆ ಕೊಳ್ಳುವ ಹೆಂಗಸರು ನಿತ್ಯ ನಡೆದಾಡುತ್ತಾರೆ. ಅವರ ಪಾಲಿನ ಮಾತು ಪಕ್ಕದ ಗೋಡೆಯಲ್ಲೇ ಇದೆ.