ತಂತಿಯ ಮೇಲೆ ಜಾರುವ ತುಂಡು

ಕರಣಕೋಟ ಸಿಮೆಂಟಿನ ಊರು. ನೆಲಕ್ಕೆ ಹಾಸುವ ತಾಂಡೂರು ಕಲ್ಲು ನಮ್ಮ ಸುತ್ತಿನದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ; ಅದೇ ದಿನ ನಮ್ಮ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಪ್ರದೇಶಕ್ಕೆ ಹೋಯಿತು. ಈಗ ತೆಲಂಗಾಣ. ಆದ್ದರಿಂದ ಈ ವಾರ್ಷಿಕದ ಓದುಗರಿಗೆ ನಮ್ಮ ಪರಿಚಯ ಹೆಚ್ಚು ಬೇಕಿಲ್ಲ. ನಾನು ಬರೆಯಹೊರಟಿರುವುದು ಮೂರು ಅಂಗುಲದ ಒಂದು ಉಕ್ಕಿನ ತುಂಡನ್ನು ಕುರಿತು.

ಹವಾಯಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನುಡಿಸುತ್ತಾರೆ. ಎಡಗೈ ಬೆರಳು ತಂತಿಯನ್ನು ಒತ್ತುವುದಿಲ್ಲ. ನಯವಾದ ತುಂಡೊಂದು ತಂತಿಯ ಮೇಲೆ ಜಾರುತ್ತದೆ. ಈ ತುಂಡು ಪರದೇಶದ್ದು, ಹೊರಗಿನಿಂದಲೇ ತರಿಸಬೇಕು ಎಂದು ಹಲವರು ನಂಬಿದ್ದಾರೆ. ನಮ್ಮಂಥ ಊರುಗಳ ಮಕ್ಕಳು ಈ ವಾದ್ಯದಿಂದ ದೂರ ಉಳಿಯಲು ಈ ನಂಬಿಕೆಯೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಚರಿತ್ರೆ ಬೇರೆಯೇ ಹೇಳುತ್ತದೆ.

ಹವಾಯಿಯ ಜೋಸೆಫ್ ಕೆಕುಕು ಬಾಲಕನಾಗಿದ್ದಾಗ ರೈಲು ಹಳಿಯ ಬಳಿ ಸಿಕ್ಕಿದ ಬೋಲ್ಟೊಂದನ್ನು ತಂತಿಗೆ ತಾಗಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಆಮೇಲೆ ಚಾಕುವಿನ ಬೆನ್ನು, ಬಾಚಣಿಗೆ. ಕೊನೆಗೆ ಶಾಲೆಯ ಕಮ್ಮಟದಲ್ಲಿ ತಾನೇ ಮಾಡಿಕೊಂಡ ಉಕ್ಕಿನ ತುಂಡು. 1889ರ ಸುಮಾರಿನ ಮಾತಿದು. ಅವನಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ ಭಾರತೀಯ ಹೊನೊಲುಲುವಿನಲ್ಲಿ ಹೀಗೆ ನುಡಿಸುತ್ತಿದ್ದನೆಂದೂ ಹೇಳಿಕೆಯಿದೆ. ಅಷ್ಟರಿಂದಲೇ ಹವಾಯಿಗೆ ಕಲಿಸಿದವರು ನಾವೇ ಎಂದು ಬೀಗುವುದನ್ನು ನಾನು ಒಪ್ಪಲಾರೆ. ನಮ್ಮಲ್ಲಿರುವುದಕ್ಕೇ ಬೇಕಾದಷ್ಟು ಆಧಾರವಿದೆ.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತ ರತ್ನಾಕರ'ದಲ್ಲಿ ಏಕತಂತ್ರೀ ವೀಣೆಯನ್ನು ವರ್ಣಿಸುತ್ತ, ತಂತಿಯ ಮೇಲೆ ಜಾರಿಸುವ ಬಿದಿರಿನ 'ಕಮ್ರಿಕಾ'ವನ್ನು ಹೇಳುತ್ತಾನೆ. (ಸೇವುಣರ ಶಾಸನಗಳಲ್ಲಿ ಕನ್ನಡದವು ಬಹಳ, ಗಡಿಯವರಾದ ನಾವು ಇದನ್ನು ಮರೆಯಬಾರದು.) ದಕ್ಷಿಣದ ಗೋಟುವಾದ್ಯಕ್ಕೆ ಕರಿಮರದ ತುಂಡು, ಉತ್ತರದ ವಿಚಿತ್ರವೀಣೆಗೆ ಗಾಜಿನ ಗುಂಡು. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರ ಮೊಮ್ಮಗ ಎನ್. ರವಿಕಿರಣ್ ಕರಿಮರವನ್ನು ಬಿಟ್ಟು ಟೆಫ್ಲಾನ್ ಹಿಡಿದರು. ಬ್ರಿಜ್‌ಭೂಷಣ್ ಕಾಬ್ರಾ ಗಿಟಾರಿನಲ್ಲೇ ರಾಗಗಳನ್ನು ನುಡಿಸಿ, 1967ರ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಅದಕ್ಕೊಂದು ಸ್ಥಾನ ದೊರಕಿಸಿದರು. ಬಿದಿರು, ಮರ, ಗಾಜು, ಉಕ್ಕು: ಆಯಾ ಕಾಲದವರು ಕೈಗೆ ದಕ್ಕಿದ್ದನ್ನೇ ಹದಗೊಳಿಸಿಕೊಂಡಿದ್ದಾರೆ.

ನನ್ನದು ಲೇತ್ ಅಂಗಡಿಯಲ್ಲಿ ಆದದ್ದು. 19 ಮಿಲಿಮೀಟರ್ ದಪ್ಪದ ಉಕ್ಕಿನ ಸರಳು, 76 ಮಿಲಿಮೀಟರ್ ಉದ್ದ; ತೂಕ ಸುಮಾರು 170 ಗ್ರಾಂ. ಅದೇ ಅಳತೆಯ ಕರಿಮರ 25 ಗ್ರಾಂ ಆಸುಪಾಸು, ಗಾಜು 55. ತೂಕ ಹೆಚ್ಚಿದಷ್ಟೂ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಕೈಯೂ ಅಷ್ಟೇ ದಣಿಯುತ್ತದೆ. ಒಂದು ತುದಿಯನ್ನು ಗುಂಡಗೆ ಕಡೆಯಿಸಬೇಕು. ಇಲ್ಲವಾದರೆ ಪಕ್ಕದ ತಂತಿಗೆ ಅಂಚು ತಗಲುತ್ತದೆ. ಅಂಗಡಿಯವನ ಕೆಲಸ ಹತ್ತು ನಿಮಿಷದ್ದು. ಉಜ್ಜುವ ಕೆಲಸ ಮಾತ್ರ ನಮ್ಮದೇ: ಮೊದಲು ಒರಟು ಎಮರಿ ಕಾಗದ, ಆಮೇಲೆ ನಯವಾದದ್ದು, ಕೊನೆಗೆ ಹಿತ್ತಾಳೆ ಬೆಳಗುವ ಪಾಲಿಶು. ಎರಡು ಸಂಜೆ ಹಿಡಿಯಿತು. ಗೀರು ಉಳಿದರೆ ತಂತಿ ಕರಕರ ಎನ್ನುತ್ತದೆ. ಕನ್ನಡಿಯ ಮೇಲೆ ಅಡ್ಡಲಾಗಿಟ್ಟು ನೋಡಿ. ಕೆಳಗಿನಿಂದ ಬೆಳಕು ಕಂಡರೆ ತುಂಡು ನೇರವಾಗಿಲ್ಲ, ಎಲ್ಲ ತಂತಿಗಳಿಗೂ ಒಂದೇ ಸಮನೆ ತಾಗುವುದಿಲ್ಲ.

ಸಾದಾ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ನಮ್ಮಲ್ಲಿ ಮಳೆ ಕಡಿಮೆ; ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು. ನಿಮ್ಮ ಕಡೆಯ ಆಷಾಢದ ಮಳೆಗೆ ಸ್ಟೇನ್‌ಲೆಸ್ ಸರಳನ್ನೇ ಆರಿಸಿಕೊಳ್ಳುವುದು ಲೇಸು.