ಆಯುಧ, ದಫ್ತರ ಮತ್ತು ವಿಶ್ವಾಸ: ಹಲಗಲಿ ಹಾಗೂ ಕೊಡಗಿನ ನಿದರ್ಶನಗಳು

ಬಂದೂಕುಗಳನ್ನು ಸರ್ಕಾರದ ದಫ್ತರದಲ್ಲಿ ನೋಂದಾಯಿಸಿ ಪರವಾನಗಿಗೆ ಒಳಪಡಿಸುವುದರಿಂದ ಹಿಂಸಾತ್ಮಕ ಅಪರಾಧಗಳು ಕಡಿಮೆಯಾಗುತ್ತವೆಯೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅಂಕಿ-ಅಂಶಗಳ ನೆಲೆಯಲ್ಲಿ ಚರ್ಚಿಸಲಾಗುತ್ತದೆ. ಆದರೆ ಭಾರತದಲ್ಲಿ ಇಂತಹ ಕಾನೂನಿನ ಮೂಲದಲ್ಲಿದ್ದುದು ಅಪರಾಧ ನಿಯಂತ್ರಣದ ಆಶಯಕ್ಕಿಂತ ಹೆಚ್ಚಾಗಿ ದಂಗೆಯ ಭಯ. ಈ ಹಿನ್ನೆಲೆಯಲ್ಲಿ ಕರ್ನಾಟಕದ ಜನಪದ ಸ್ಮೃತಿ ಹಾಗೂ ಆಚರಣೆಗಳು ಉಳಿಸಿಕೊಂಡಿರುವ ಎರಡು ನಿದರ್ಶನಗಳು ಪರಿಶೀಲನಾರ್ಹವಾಗಿವೆ.

1857ರ ಬಂಡಾಯದ ನಡುವೆ ಬ್ರಿಟಿಷ್ ಆಡಳಿತವು ಜಾರಿಗೆ ತಂದ ನಿಶ್ಶಸ್ತ್ರೀಕರಣ ಕಾಯ್ದೆಯು ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಸರ್ಕಾರದ ಅನುಮತಿಗೆ ಅಧೀನಗೊಳಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವು ಬೇಟೆಯ ಸಾಧನವೂ ಹೌದು, ಕುಲದ ಮಾನವೂ ಹೌದು. ಅವರು ಆಜ್ಞೆಯನ್ನು ಧಿಕ್ಕರಿಸಿದರು. ಅದೇ ವರ್ಷದ ನವೆಂಬರ್ ಅಂತ್ಯದಲ್ಲಿ ಸೈನ್ಯವು ಊರಿಗೆ ಬೆಂಕಿಯಿಟ್ಟಿತು, ಅನೇಕರು ಹತರಾದರು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ, ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಲಾವಣಿಯು ಜಡಗ, ಬಾಲ, ಹನುಮ, ರಾಮ ಮೊದಲಾದವರ ಹೆಸರುಗಳನ್ನು ಕಾಪಾಡಿಕೊಂಡು ಬಂದಿದೆ. ಶಾಂತಿಯ ಹೆಸರಿನ ಕಾನೂನೇ ಇಲ್ಲಿ ಹಿಂಸೆಗೆ ಕಾರಣವಾದುದು ಗಮನಾರ್ಹ.

ಕೊಡಗಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರ ನಿಷ್ಠೆಯನ್ನು ಕಾರಣವಾಗಿತ್ತು, ಆ ಕಾಯ್ದೆಯು ಕೊಡಗಿಗೆ ಅನ್ವಯಿಸದೆಂದು ಪ್ರಕಟಿಸಿದನು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲಿಯೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ದೊರೆಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅಲ್ಲಿ ‘ತೋಕ್’ ಎನಿಸುವ ಬಂದೂಕು ಸಂಸ್ಕಾರದ ಅಂಗ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು ಗುಂಡು ಹಾರಿಸುವ ರೂಢಿಯಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ತೋಕ್‌ಪೂವಿನಿಂದ ಅಲಂಕರಿಸಿ, ಪೂಜಿಸಿ, ಹಿರಿಯರ ಸಮ್ಮುಖದಲ್ಲಿ ಕೈಗೆತ್ತಿಕೊಳ್ಳಲಾಗುತ್ತದೆ. ಹೀಗೆ ಆಯುಧವು ಒಬ್ಬನ ಸೊತ್ತಾಗಿದ್ದರೂ ಅದರ ಬಳಕೆಯು ಒಕ್ಕದ ಕಣ್ಣಳತೆಯಲ್ಲಿರುತ್ತದೆ.

ಆದರೆ ಇದರಿಂದ ನೋಂದಣಿಯು ನಿರರ್ಥಕವೆಂಬ ತೀರ್ಮಾನಕ್ಕೆ ಬರುವುದು ಅವಸರದ ಮಾತಾದೀತು. ಕೊಡಗಿನಲ್ಲಿಯೂ ಜಿಲ್ಲಾಡಳಿತವು ವಿನಾಯಿತಿ ಪತ್ರವನ್ನು ನೀಡುವುದರಿಂದ ಬಂದೂಕು ಸರ್ಕಾರದ ದೃಷ್ಟಿಗೆ ಪೂರ್ಣವಾಗಿ ಮರೆಯಾಗಿಲ್ಲ. ಅಲ್ಲದೆ, ಒಂದು ಸಮುದಾಯಕ್ಕೆ ದೊರೆತ ವಿಶ್ವಾಸವು ಇನ್ನೊಂದಕ್ಕೆ ದೊರೆಯದಿದ್ದುದಕ್ಕೆ ಕಾರಣ ವಸಾಹತುಶಾಹಿಯ ರಾಜಕೀಯ ಲೆಕ್ಕಾಚಾರವೇ ಹೊರತು ಆ ಸಮುದಾಯಗಳ ಸ್ವಭಾವವಲ್ಲ. ಇನ್ನೊಂದೆಡೆ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳ ಪ್ರಕಾರ ದೇಶದಲ್ಲಿ ವಶಪಡಿಸಿಕೊಳ್ಳಲಾಗುವ ಬಂದೂಕುಗಳಲ್ಲಿ ಬಹುಪಾಲು ಪರವಾನಗಿಯಿಲ್ಲದವು. ಅಂದರೆ ದಫ್ತರವು ಕಾನೂನನ್ನು ಪಾಲಿಸುವವನ ಆಯುಧವನ್ನು ಬಲ್ಲದು. ಕಳ್ಳ ಬಂದೂಕನ್ನು ಅರಿಯದು.

ಆದುದರಿಂದ ನೋಂದಣಿಯನ್ನು ಅಪರಾಧಕ್ಕೆ ಮದ್ದೆಂದು ಕಾಣುವುದಕ್ಕಿಂತ, ಆಯುಧದ ಒಡೆಯನನ್ನು ಹೊಣೆಗಾರನನ್ನಾಗಿಸುವ ಸಾಧನವೆಂದು ಕಾಣುವುದು ಹೆಚ್ಚು ಯುಕ್ತ. ಆ ಹೊಣೆಯನ್ನು ಜನರು ತಮ್ಮದೆಂದು ಒಪ್ಪಿಕೊಂಡಲ್ಲಿ ಮಾತ್ರ ಕಾನೂನು ಫಲ ನೀಡಬಲ್ಲದು. ಅವಮಾನವೆಂದು ಬಗೆದಲ್ಲಿ ಅದು ಹಲಗಲಿಯ ಬೂದಿಯನ್ನೇ ನೆನಪಿಸುತ್ತದೆ.