ಎರಡು ಮನೆಗಳ ನಡುವಿನ ಸ್ವರ

ಅಮ್ಮನ ಸಂಪ್ರದಾಯದ ಹಾಡುಗಳನ್ನು ಮನೆಯಲ್ಲೇ ಧ್ವನಿಮುದ್ರಿಸಿಡಬೇಕೆಂದು ಕಳೆದ ವರ್ಷ ಹೊರಟೆ. ಮೈಕ್ ಇತ್ತು, ಕಂಪ್ಯೂಟರ್ ಇತ್ತು. ಗೆಳೆಯನಿಂದ ಒಂದು ಕೀಬೋರ್ಡ್ ಎರವಲು ತಂದು ಐದು ಮನೆ ಶ್ರುತಿಗೆ ಅಮ್ಮನ ಜೊತೆ ನುಡಿಸತೊಡಗಿದೆ. ಎರಡನೆಯ ನುಡಿಗೇ ಅವರು ನಿಲ್ಲಿಸಿದರು. "ಅದು ನನ್ನ ಸ್ವರ ಅಲ್ಲ ಕಣೋ, ನಾನೇ ಅದರ ಹಿಂದೆ ಓಡಬೇಕಾಗಿದೆ" ಎಂದರು.

ಮತ್ತೆ ಕೇಳಿ ನೋಡಿದರೆ ತಕರಾರು ಇದ್ದದ್ದು ಗಾಂಧಾರದಲ್ಲಿ. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳೆಂದು ಅಳೆಯುವುದು ರೂಢಿ. ಕೀಬೋರ್ಡ್ ಅದನ್ನು 12 ಮನೆಗಳಿಗೆ ಸಮನಾಗಿ ಹಂಚುತ್ತದೆ. ಅಂತರ ಗಾಂಧಾರ 400ಕ್ಕೆ ಬೀಳುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಿರುವುದು 386ರ ಹತ್ತಿರ. ಆ 14 ಸೆಂಟ್ ಅಮ್ಮನ ಕಿವಿಗೆ ಚುಚ್ಚಿತ್ತು.

ಈ ಜಗಳ ಹಳೆಯದು. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ರೂಪಿಸಿದ ಹಾರ್ಮೋನಿಯಂ ಭಾರತಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಅದು ನಮ್ಮ ಕಂಪನಿ ನಾಟಕಗಳಿಗೂ ಭಜನೆ ಮನೆಗಳಿಗೂ ಹೊಕ್ಕಿತು. ಆದರೆ ಅದರಲ್ಲಿ ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರಲಾಗದು ಎಂಬ ಆಕ್ಷೇಪ ಬಲಿಯಿತು. ರವೀಂದ್ರನಾಥ ಠಾಕೂರರೂ ವಿರೋಧಿಗಳಲ್ಲೊಬ್ಬರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಷ್ಟೂ ಕಾಲ ನಾಟಕದ ನಟರು ಅದರ ಶ್ರುತಿಗೇ ಹಾಡುತ್ತಿದ್ದರು. ಮನೆಗಳ ನಡುವಿನ ಜಾಗವನ್ನು ಗಂಟಲೇ ತುಂಬುತ್ತಿತ್ತು.

ಆ ಜಾಗಕ್ಕೆ ಯಂತ್ರವೂ ಒಂದು ದಾರಿ ಹುಡುಕಿತು. 1970ರ ಮಿನಿಮೂಗ್ ಸಿಂಥಸೈಜರ್‌ನ ಎಡಬದಿಯಲ್ಲಿ ಸ್ವರವನ್ನು ಬಾಗಿಸುವ ಚಕ್ರವಿತ್ತು. 1983ರ ಜನವರಿಯಲ್ಲಿ, ಅಮೆರಿಕದ ಒಂದು ವಾದ್ಯ ಪ್ರದರ್ಶನದಲ್ಲಿ, ಬೇರೆ ಬೇರೆ ಕಂಪನಿಗಳ ಎರಡು ಕೀಬೋರ್ಡುಗಳನ್ನು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿ ಇನ್ನೊಂದರಿಂದಲೂ ನಾದ ಹೊರಡಿಸಿದರು. ಅದೇ ಮಿಡಿ. ಮಿಡಿ ಸಾಗಿಸುವುದು ನಾದವನ್ನಲ್ಲ. ಯಾವ ಮನೆ, ಎಷ್ಟು ಬಿರುಸು, ಯಾವಾಗ ಬಿಟ್ಟಿರಿ ಎಂಬ ಸುದ್ದಿಯನ್ನು. ಅದರ ಲೆಕ್ಕದಲ್ಲಿ ಮನೆಗಳು 128. ಚಕ್ರದ ಬಾಗಿಗೆ ಮಾತ್ರ 16,384 ಮೆಟ್ಟಿಲು.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭವಾಯಿತು. ಪಿಯಾನೋದ 88 ಮನೆ ನನಗೆ ಬೇಡ, 49 ಸಾಕು. ಒಳಗೆ ನೂರಾರು ವಾದ್ಯಗಳ ದನಿಯೂ ಬೇಡ, ಅದನ್ನು ಕಂಪ್ಯೂಟರ್ ಕೊಡುತ್ತದೆ. ಬೆರಳಿನ ಒತ್ತಡ ತಿಳಿಯಬೇಕು, ಹಗುರವಾಗಿ ತಿರುಗುವ ಚಕ್ರವಿರಬೇಕು. ಸಾಮಾನ್ಯವಾಗಿ ಚಕ್ರ ಬಾಗಿಸಿದರೆ ಒತ್ತಿದ ಸ್ವರಗಳೆಲ್ಲ ಒಟ್ಟಿಗೇ ಬಾಗುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತೇನೆ. ಗಾಂಧಾರವನ್ನು ಸಾಫ್ಟ್‌ವೇರಿನಲ್ಲಿ 14 ಸೆಂಟ್ ಇಳಿಸಿಟ್ಟಿದ್ದೇನೆ.

ಈಗ ಅಮ್ಮ ಮೊದಲು ಬರೀ ತಂಬೂರಿಗೆ ಹಾಡುತ್ತಾರೆ. ನಾನು ಆಮೇಲೆ ಕೂತು, ಎಡಗೈ ಚಕ್ರದ ಮೇಲಿಟ್ಟು, ಅವರ ಹಿಂದೆ ಹೋಗುತ್ತೇನೆ. ಹನ್ನೊಂದು ಹಾಡು ಮುಗಿದಿವೆ.